ಚಳಿ ಮಲಗುವ ಕೋಣೆ

ನಿನ್ನ ಕೈಗುಣ ಚೆನ್ನಾಗಿದೆ ಅಂತ ಯಾರಾದರೂ ಹೊಗಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತೆ. ಹೊಗಳಿದವರ ಮುಖ ನೋಡಿ, "ಆಯ್ತು, ಈಗ ಏನು ಹೊರಿಸಬೇಕು ಅಂತಿದ್ದೀರಿ, ಬೇಗ ಹೇಳಿ" ಅಂತ ಕೇಳಿಬಿಡೋಣ ಅನ್ನಿಸುತ್ತೆ. ನಮ್ಮೂರಲ್ಲಿ ಹೊಗಳಿಕೆ ಅಂದರೆ ಅಷ್ಟೇ. ತಲೆ ಮೇಲೆ ಮೂಟೆ ಇಡೋಕೆ ಮುಂಚೆ ಸಿಂಬಿ ಇಡ್ತಾರಲ್ಲ, ಹಾಗೆ.

ನಮ್ಮೂರಿಗೆ ಚಳಿ ಬರೋದು ದೀಪಾವಳಿ ಕಳೆದ ಮೇಲೆ. ಬಂದ ಮೇಲೆ ಎಲ್ಲಾದರೂ ಮಲಗಬೇಕಲ್ಲ, ದೂರದಿಂದ ನಡೆದು ಬಂದಿರುತ್ತೆ. ಯಾವುದಾದರೂ ಒಂದು ಮನೆಯ ಕೋಣೇಲಿ ಅದಕ್ಕೆ ಹಾಸಿಗೆ ಹಾಸಿಕೊಡಬೇಕು. ಮೆತ್ತಗಿರಬೇಕು, ಬೆಚ್ಚಗಿರಬೇಕು, ಒಂದು ಸದ್ದೂ ಇರಬಾರದು. ಸರಿಯಾಗಿ ಹಾಸಿಕೊಟ್ಟರೆ ಶಿವರಾತ್ರಿವರೆಗೂ ಮಗ್ಗುಲು ಬದಲಿಸದೆ ಮಲಗುತ್ತೆ. ಊರಿಗೆ ಊರೇ ಬೆಚ್ಚಗಿರುತ್ತೆ, ಗಂಡಸರು ತೆಳು ಪಂಚೆ ಉಟ್ಟುಕೊಂಡು ಜಗಲಿ ಮೇಲೆ ಕೂತು ಕಡಲೆಕಾಯಿ ಬಿಡಿಸ್ತಾ ಇರ್ತಾರೆ. ಹಾಸಿಕೊಟ್ಟ ಮನೇಲಿ ಮಾತ್ರ ಎಣ್ಣೆ ಕಲ್ಲಾಗಿರುತ್ತೆ, ಹಂಡೆ ನೀರು ಒಡೆಯೋಕೆ ಕುಟ್ಟಾಣಿ ಬೇಕಾಗುತ್ತೆ. ಮನೆಯವರು ಒಲೆ ಮುಂದೆ ಮುದುರಿಕೊಂಡು, ಪಿಸುಮಾತಲ್ಲೇ ಜಗಳ ಆಡ್ಕೊಂಡು, ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿಕೊಂಡು ಕಾಲ ಹಾಕಬೇಕು. ಜೋರಾಗಿ ಕೆಮ್ಮಿದರೆ ಅದಕ್ಕೆ ಎಚ್ಚರ ಆಗುತ್ತಲ್ಲ.

ಹಿಂದೆ ಮನೆಯಿಂದ ಮನೆಗೆ ಪಾಳಿ ಇತ್ತಂತೆ. ನಾನು ಸೊಸೆಯಾಗಿ ಬಂದ ಮೇಲೆ ಒಂದು ಸಲ ನಮ್ಮ ಮನೆ ಪಾಳಿ ಬಂತು. ಹೊಸ ಹುರುಪು ನೋಡಿ, ಅತ್ತೆ ಹತ್ತಿರ ಸೈ ಅನ್ನಿಸಿಕೊಳ್ಳಬೇಕು ಅಂತ ಆಸೆ, ಎಂಥ ಹಾಸಿಗೆ ಹಾಸಿದೆ ಅಂದರೆ, ಶಿವರಾತ್ರಿ ಕಳೆದರೂ ಆ ಚಳಿ ಏಳಲಿಲ್ಲ. ನನ್ನ ಗ್ರಹಚಾರ! ಮರುವರ್ಷ ಬೇರೆಯವರ ಮನೇಲಿ ಮಲಗಿಸಿದರೆ ಪದೇ ಪದೇ ಎದ್ದು ಬೀದೀಲಿ ಓಡಾಡಿತು. ಅಲ್ಲಿಂದ ಶುರುವಾಯ್ತು, "ಚೆನ್ನಾಜಮ್ಮನ ಕೈಯೇ ಕೈ, ಅವಳು ಹಾಸಿದ ಹಾಗೆ ಇನ್ನೊಬ್ಬರು ಹಾಸೋಕಾಗಲ್ಲ." ಆಮೇಲೆ ಪಾಳಿ ಅನ್ನೋದು ನಮ್ಮ ಹೊಸ್ತಿಲಲ್ಲೇ ಬೇರು ಬಿಟ್ಟುಬಿಡ್ತು. ನಮ್ಮೆಜಮಾನ್ರು ಯಾರು ಏನು ಹೇಳಿದರೂ ತಲೆ ಆಡಿಸೋ ಮನುಷ್ಯ. ಊರವರು ಕೇಳಿದರೂ ತಲೆ ಆಡಿಸ್ತಿದ್ದರು, ನಾನು ಬೈದರೂ ತಲೆ ಆಡಿಸ್ತಿದ್ದರು.

ಆಚೆ ವರ್ಷ ನಮ್ಮತ್ತೆಗೆ ಕಾರ್ತೀಕದಲ್ಲೇ ಕೆಮ್ಮು ಹಿಡೀತು. ಒಳಗೆ ಅದು ನನ್ನ ಕೌದಿ ಹೊದ್ದು ಮಲಗಿತ್ತು, ಹೊರಗೆ ಈ ಮುದುಕಿ ಬಾಯಿಗೆ ಬಟ್ಟೆ ಇಟ್ಟುಕೊಂಡು ಕೆಮ್ಮು ನುಂಗುತ್ತಿದ್ದರು. ನಾನು ಕೋಣೆ ಬಾಗಿಲು ತೆಗೆದು ಅದನ್ನ ಓಡಿಸಿಬಿಡ್ತೀನಿ ಅಂದರೆ ಕೈ ಹಿಡಿದು, "ಬೇಡ ಕಣೆ, ಊರಿಗೆ ಕೆಟ್ಟವರಾಗೋದು ಬೇಡ" ಅಂದರು. ಒಂದು ಬೆಳಗ್ಗೆ ಒಲೆಗೆ ಬೆನ್ನು ಕೊಟ್ಟು ಕೂತವರು ಕೂತ ಹಾಗೇ ಹೋಗಿದ್ದರು. ನಾನು ಎದೆ ಬಡಿದುಕೊಂಡು ಅಳೋಕೆ ಕೂತೆ. ಆಗ ನೋಡೋಕೆ ಬಂದಿದ್ದ ಹೆಂಗಸರು ನನ್ನ ಭುಜ ಹಿಡಿದು ಏನಂದರು ಗೊತ್ತಾ? "ಮೆತ್ತಗೆ ಅಳಮ್ಮಾ, ಒಳಗೆ ಮಲಗಿದೆ." ಅವತ್ತು ಅಳು ನಿಂತುಹೋಯ್ತು. ಅಳು ಇದ್ದ ಜಾಗದಲ್ಲಿ ಸಿಟ್ಟು ಬಂದು ಕೂತಿದ್ದು ಇನ್ನೂ ಎದ್ದಿಲ್ಲ.

ಹೋದ ವರ್ಷ ನನ್ನ ಮಗಳು ಪಂಕಜ ಹೆತ್ತಳು. ಚೊಚ್ಚಲು, ಹೆಣ್ಣುಮಗು. ಹೆರಿಗೆ ಕಷ್ಟ ಆಗಿ, ಆಸ್ಪತ್ರೆಯಿಂದ ಬಿಡೋದು ತಡವಾಯ್ತು. ದೀಪಾವಳಿ ಕಳೆದ ಮೇಲೆ ಬಾಣಂತನಕ್ಕೆ ಕರಕೊಂಡು ಬರ್ತೀನಿ ಅಂತ ಬೀಗರಿಗೆ ಮಾತು ಕೊಟ್ಟಿದ್ದೆ. ಮಗು ಸಣಕಲು, ಅಂಗೈಯಗಲ ಬೆನ್ನು. ಬೆಚ್ಚಗಿಡಬೇಕು, ಸ್ವಲ್ಪ ಥಂಡಿ ತಗುಲಿದರೂ ಕಷ್ಟ ಅಂತ ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. ನಮ್ಮದು ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದೇ ಕೋಣೆಯ ಮನೆ. ಈ ವರ್ಷವಾದರೂ ನಮ್ಮನ್ನ ಬಿಟ್ಟಾರು ಅಂದುಕೊಂಡಿದ್ದೆ. ಬಾಣಂತಿ ಬರೋ ಮನೆ ಅಂತ ಊರಿಗೇ ಗೊತ್ತಿತ್ತು.

ಗುರುಪಾದಪ್ಪನವರು ನಮ್ಮೂರ ಹಿರೀಕರು. ಜವಳಿ ಅಂಗಡಿ, ಮಹಡಿ ಮನೆ, ಆ ಮನೇಲಿ ಬಾಗಿಲು ಹಾಕಿಯೇ ಇರೋ ಕೋಣೆಗಳು ಎಷ್ಟೋ. ಅವರ ಜಗಲಿಯಲ್ಲೇ ಪ್ರತಿ ವರ್ಷ ಸಭೆ. ಅವರು ಕಡಲೆಕಾಯಿ ಸಿಪ್ಪೆ ಊದುತ್ತಾ, "ನಮ್ಮ ಮನೇಲಿ ಜಾಗಕ್ಕೇನು ಕೊರತೆಯಿಲ್ಲಮ್ಮ. ಹಾಸೋ ಕೈ ಬೇಕಲ್ಲ! ಈ ವರ್ಷವೂ ಚೆನ್ನಾಜಮ್ಮನ ಮನೇಲೇ ಇರಲಿ" ಅಂದರು. ನಾಲ್ಕು ಜನ ಹೌದು ಹೌದು ಅಂದರು. ನಮ್ಮೆಜಮಾನ್ರು ತಲೆ ಆಡಿಸಿದರು. ನಾನು ಬಾಯಿ ತೆಗೆದರೆ ಬೆಂಕಿ ಬರ್ತಿತ್ತು, ಅದಕ್ಕೇ ತೆಗೀಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮನೆಗೆ ಬಂದು ಕೋಣೆ ಕೆಲಸ ಶುರು ಮಾಡಿದೆ.

ಮೊದಲು ಮಂಚ ಎಳೆದೆ. ಬೀದಿ ಕಡೆಯ ಗೋಡೆ ಹತ್ತಿರ ಇದ್ದದ್ದನ್ನ ಅಡುಗೆಮನೆ ಗೋಡೆಗೆ ಸೇರಿಸಿದೆ, ಒಲೆ ಉರಿದರೆ ಆ ಗೋಡೆ ಹೊತ್ತು ಮುಳುಗಿದ ಮೇಲೂ ಬೆಚ್ಚಗಿರುತ್ತೆ. ಹಾಸಿಗೆ ಬಿಚ್ಚಿ ಬೂರುಗದ ಹತ್ತಿ ಬಿಸಿಲಿಗೆ ಹಾಕಿ, ಕೋಲು ತಗೊಂಡು ಬಡಿದೆ. ಬಡೀತಾ ಬಡೀತಾ ನೆನಪಾದವರ ಹೆಸರೆಲ್ಲ ಹೇಳಿಕೊಂಡೆ, ಹತ್ತಿ ಎಂದೂ ಅಷ್ಟು ಚೆನ್ನಾಗಿ ಅರಳಿರಲಿಲ್ಲ. ಕಿಟಕಿ ಸಂದಿಗೆಲ್ಲ ಹಳೇ ಪಂಚೆ ಚೂರು ತುರುಕಿ, ಮೇಲೆ ಮಣ್ಣು ಸಗಣಿ ಮೆತ್ತಿ, ಅದರ ಮುಂದೆ ಕಪ್ಪು ಕಂಬಳಿ ಇಳಿಬಿಟ್ಟೆ. ನೆಲದ ಮೇಲೆ ಒಣಹುಲ್ಲು, ಅದರ ಮೇಲೆ ಈಚಲ ಚಾಪೆ, ಅದರ ಮೇಲೆ ಜಮಖಾನ. ಬಾಗಿಲ ಕೀಲಿಗೆ ಹರಳೆಣ್ಣೆ ಬಿಟ್ಟೆ, ಕಿರ್ರ್ ಅನ್ನಬಾರದಲ್ಲ. ಗೋಡೆ ಗಡಿಯಾರ ಪಡಸಾಲೆಗೆ ಹೋಯ್ತು. ಮೂಲೇಲಿ ಸಣ್ಣ ಬತ್ತಿಯ ದೀಪ, ಕಣ್ಣಿಗೆ ಹೊಡೀದ ಹಾಗೆ ಮುಂದೆ ಒಂದು ಮೊರ. ಮಂಚದ ಮೇಲೆ ನಮ್ಮತ್ತೆಯ ಸೀರೆಗಳಲ್ಲೇ ಹೊಲಿದ ಕೌದಿ. ಬೆಳಗ್ಗೆ ಸಂಜೆ ಸಾಂಬ್ರಾಣಿ ಹೊಗೆ.

ಹೋಗಿ ಬರೋರೆಲ್ಲ ನಮ್ಮ ಅಂಗಳದಲ್ಲಿ ಹತ್ತಿ ನೋಡಿ ಖುಷಿ ಪಟ್ಟರು. ಪಕ್ಕದ ಮನೆ ಹೊನ್ನಮ್ಮ ಬೇಲಿ ಮೇಲೆ ಬಗ್ಗಿ, "ಈ ಸಲ ಯುಗಾದಿವರೆಗೂ ಏಳಲ್ಲ ಬಿಡು ಅದು!" ಅಂದಳು. ನಾನು ಹೂಂ ಅಂದೆ. ಯಾರಿಗೆ ಹಾಸ್ತಿದ್ದೀಯ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳ್ತಿರಲಿಲ್ಲ.

ಚಳಿ ಬರೋ ಹಿಂದಿನ ದಿನ ಕೋಣೆ ಪರೀಕ್ಷೆ ಮಾಡೋ ಪದ್ಧತಿ ಇದೆ. ಹಿರೀಕರು ಬಂದು ಹಾಸಿಗೆ ಮೇಲೆ ಒಂದು ಗಳಿಗೆ ಮಲಗಿ ನೋಡ್ತಾರೆ. ಕಣ್ಣು ಎಳೆದರೆ ಕೋಣೆ ಒಪ್ಪಿಗೆ ಆಯ್ತು ಅಂತ ಲೆಕ್ಕ. ಗುರುಪಾದಪ್ಪನವರು ಹೆಂಡತಿ ಸರ್ವಮಂಗಳಮ್ಮನ ಜೊತೆ ಬಂದರು, ಹಿಂದೆ ಬೀದಿಯ ನಾಲ್ಕು ಜನ. ಅವರು ಶಲ್ಯ ತೆಗೆದಿಟ್ಟು ಮಂಚಕ್ಕೆ ಒರಗಿದ್ದಷ್ಟೇ, ಗೊರಕೆ ಶುರು. ಎಂಥ ಗೊರಕೆ! ಜನ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಸರ್ವಮಂಗಳಮ್ಮ ಕೌದಿ ಸವರಿ, ಗೋಡೆ ಮುಟ್ಟಿ, ಪಕ್ಕದಲ್ಲಿದ್ದ ದಿಂಬು ಎತ್ತಿ ನೋಡಿದರು. ದಿಂಬಿನ ಹಿಂದೆ ಇನ್ನೊಂದು ದಿಂಬು ಸಿಕ್ಕಿತು. ಅಂಗೈಯಷ್ಟು ಇದೆ, ಹಿಸುಕಿದರೆ ಒಳಗೆ ಸಾಸಿವೆ ಜರ ಜರ ಅನ್ನುತ್ತೆ.

"ಇದೇನು ಚೆನ್ನಾಜಮ್ಮ, ಎಳೆಮಗೂಗೆ ಇಡೋ ಸಾಸಿವೆ ದಿಂಬು ಅಲ್ವಾ ಇದು?"

"ಹೌದು ಸರ್ವಮಂಗಳಕ್ಕ. ಮಗು ತಲೆ ದುಂಡಗಾಗಲಿ ಅಂತ."

"ಮಗೂನ ಈ ಕೋಣೇಲಿ ಮಲಗಿಸ್ತೀಯಾ?"

"ಇನ್ನೆಲ್ಲಿ ಮಲಗಿಸಲಿ? ನಾಳೆ ಮಧ್ಯಾಹ್ನ ಪಂಕಜ ಬರ್ತಾಳೆ. ತೊಟ್ಟಿಲೂ ತಂದಿಟ್ಟಿದ್ದೀನಿ, ಬೇಕಾದರೆ ಪಡಸಾಲೇಲಿ ನೋಡಿ."

ಗೊರಕೆ ನಿಂತಿತು. ಗುರುಪಾದಪ್ಪನವರು ಎದ್ದು ಕೂತು, ಕೆದರಿದ ಕೂದಲಲ್ಲೇ, "ಏನಮ್ಮಾ ಇದು ತಮಾಷೆ? ಹಾಗಾದರೆ ಇದೆಲ್ಲ ಯಾರಿಗೆ ಹಾಸಿದ್ದು?" ಅಂತ ಕೇಳಿದರು.

"ನನ್ನ ಮಗಳಿಗೆ. ನಿಮಗೂ ಚೆನ್ನಾಗಿ ನಿದ್ದೆ ಬಂತಲ್ಲ, ಸಂತೋಷ."

ಜನ ಗುಸುಗುಸು ಅಂದರು. ಸರ್ವಮಂಗಳಮ್ಮ ಕೆಟ್ಟ ಹೆಂಗಸೇನಲ್ಲ. ನನ್ನ ಕೈ ಹಿಡಕೊಂಡು, "ಅದಕ್ಯಾಕೆ ಇಷ್ಟು ಸಿಟ್ಟು? ಪಂಕಜ ನಮ್ಮ ಮನೇಲಿರಲಿ. ಮೇಲ್ಗಡೆ ಕೋಣೆ ಬಿಡಿಸಿಕೊಡ್ತೀನಿ. ನಮ್ಮ ಮಗಳಿದ್ದ ಹಾಗೆ ನೋಡ್ಕೋತೀನಿ" ಅಂದರು. ಹಾಗೆ ನೋಡಿದರೆ ಒಳ್ಳೇ ಮಾತೇ. ಆ ಒಳ್ಳೇ ಮಾತಿಗೇ ನನ್ನ ತಲೆ ಕೆಟ್ಟುಹೋಯ್ತು.

"ಅಲ್ಲ ಅಕ್ಕಾ, ನನ್ನ ಮಗಳ ಬಾಣಂತನಕ್ಕೆ ನಿಮ್ಮ ಮನೇಲಿ ಕೋಣೆ ಇದೆ. ಚಳಿಗೆ ಮಾತ್ರ ಇಲ್ಲ. ನನ್ನ ಮಗಳು ಬೇರೆಯವರ ಮನೇಲಿ ಪರದೇಶಿ ಹಾಗೆ ಬಾಣಂತನ ಮಾಡಿಸಿಕೋಬೇಕು, ನಾನು ಇಲ್ಲಿ ಇದಕ್ಕೆ ಕಾವಲು ಕೂತಿರಬೇಕು. ಅವಳ ಮೈಗೆ ಎಣ್ಣೆ ಹಚ್ಚೋರು ಯಾರು, ಅವಳಿಗೆ ನೀರು ಹಾಕೋರು ಯಾರು? ಇಷ್ಟು ವರ್ಷ ಹಾಸಿದೆ. ಯಾರಾದರೂ ಒಬ್ಬರು ಒಂದು ದಿನ ಬಂದು, ಚೆನ್ನಾಜಮ್ಮ ನಿನ್ನ ಕೈ ಮರಗಟ್ಟಿದೆಯಾ ಅಂತ ಕೇಳಿದಿರಾ? ನಮ್ಮತ್ತೆ ಸತ್ತಾಗಲೂ ಅದರ ನಿದ್ದೇದೇ ಯೋಚನೆ ನಿಮಗೆ! ನಾಚಿಕೆ ಆಗಲ್ವಾ?"

"ನಾಲಿಗೆ ಬಿಗಿ ಹಿಡಿದು ಮಾತಾಡು," ಅಂದರು ಗುರುಪಾದಪ್ಪನವರು. "ಕರೆಯೋರಿಲ್ಲದೆ ಅದು ಬೀದೀಲಿ ನಿಂತರೆ ಏನಾಗುತ್ತೆ ಗೊತ್ತಾ? ಊರಿಗೆ ಊರೇ ಸೆಟೆದುಕೊಂಡು ಹೋಗುತ್ತೆ ಅಂತ ದೊಡ್ಡವರು ಹೇಳಿಲ್ವಾ? ನಿನ್ನ ಮಗಳೂ ಈ ಊರಲ್ಲೇ ಇರ್ತಾಳೆ, ಮರೀಬೇಡ."

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೌದಿ ಕೊಡವಿ, ಅವರು ಮಲಗಿದ್ದ ಗುರುತು ಹೋಗೋ ಹಾಗೆ ಹಾಸಿಗೆ ತಟ್ಟಿದೆ. ಅವರು ಶಲ್ಯ ಎತ್ತಿಕೊಂಡು ಹೊರಟರು. ಹೋಗ್ತಾ ಹೋಗ್ತಾ, ಹೆಂಗಸರ ಸಿಟ್ಟು, ನಾಳೆ ಹೊತ್ತಿಗೆ ಇಳಿಯುತ್ತೆ ಅಂತ ಯಾರಿಗೋ ಹೇಳಿದ್ದು ಕೇಳಿಸಿತು. ಆ ಮಾತಿಗೆ ಇನ್ನಷ್ಟು ಉರಿಯಿತು.

ಮಾರನೇ ದಿನ ಮಧ್ಯಾಹ್ನ ಪಂಕಜ ಬಂದಳು. ಮುಖ ಬಿಳಿಚಿಕೊಂಡಿತ್ತು. ಕಿವಿಗೆ ಬಟ್ಟೆ ಕಟ್ಟಿ, ಬಿಸಿನೀರು ಹಾಕಿ, ಕೋಣೇಲಿ ಮಲಗಿಸಿದೆ. ಮಗೂಗೆ ಕುಲಾವಿ ಹಾಕಿ, ಹಣೆಗೆ ಕಪ್ಪಿಟ್ಟು ಅವಳ ಪಕ್ಕ ಇಟ್ಟೆ. ಪಂಕಜ ಕೌದಿ ಗಲ್ಲದವರೆಗೂ ಎಳಕೊಂಡು, "ಅಮ್ಮಾ, ಹೆತ್ತ ಮೇಲೆ ಇವತ್ತೇ ಮೈ ಸಡಿಲ ಆಗಿದ್ದು" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಸಂಜೆ ಏನು ಮಾಡ್ತೀಯ?" ಅಂತ ಕೇಳಿದಳು. ನೀನು ಮಲಗು, ಅದು ನನಗೆ ಬಿಡು ಅಂದೆ. ಏನು ಮಾಡ್ತೀನಿ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಹೊತ್ತು ಮುಳುಗೋ ಹೊತ್ತಿಗೆ ಜನ ಹೊಳೆ ಕಡೆಯಿಂದ ಬಂದರು. ಅದನ್ನ ಕರಕೊಂಡು ಬರುವಾಗ ಲಾಂದ್ರ ಹಿಡಿಯೋ ಹಾಗಿಲ್ಲ, ಚಪ್ಪಲಿ ಮೆಟ್ಟೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಎಲ್ಲರೂ ಮುಂದೆ, ಅದು ಹಿಂದೆ. ನಾಯಿಗಳು ತಾವಾಗೇ ಚರಂಡಿ ದಾಟಿ ಆಚೆ ಹೋಗಿ ನಿಂತವು. ನಮ್ಮ ಬಾಗಿಲ ಮುಂದೆ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಆಗ ಮನೆಯ ಹೆಂಗಸು ಹೊಸ್ತಿಲಲ್ಲಿ ನಿಂತು, "ಬನ್ನಿ, ದಣಿದಿದ್ದೀರಿ, ಮಲಗಿ" ಅನ್ನಬೇಕು. ಅಷ್ಟು ಅಂದರೆ ಅದು ಒಳಗೆ ಬರುತ್ತೆ.

ನಾನು ಬಾಗಿಲು ಎಳೆದುಕೊಂಡು ಹೊಸ್ತಿಲ ಮೇಲೆ ನಿಂತೆ. ಕಾಲ್ಬೆರಳು ಮರಗಟ್ಟೋಕೆ ಶುರುವಾಯ್ತು, ಅದು ಎದುರಿಗೇ ನಿಂತಿತ್ತು. ಜನ ಕಾದರು. ಗುರುಪಾದಪ್ಪನವರು ಕಣ್ಣಲ್ಲೇ ಹೇಳು ಹೇಳು ಅಂದರು.

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ," ಅಂದೆ ಅದಕ್ಕೆ. "ನೀವು ಬರೋ ಕಾಲಕ್ಕೆ ಬರ್ತೀರಿ, ಹೋಗೋ ಕಾಲಕ್ಕೆ ಹೋಗ್ತೀರಿ. ಆದರೆ ಒಳಗೆ ಬಾಣಂತಿ ಮಲಗಿದ್ದಾಳೆ, ಎಳೆಮಗು ಇದೆ. ನಮ್ಮನೇಲಿ ಜಾಗ ಇಲ್ಲ." ಆಮೇಲೆ ಜನದ ಕಡೆ ತಿರುಗಿದೆ. "ಇಷ್ಟು ಜನ ಹೆಂಗಸರಿದ್ದೀರಿ. ಯಾರಿಗೆ ಊರಿನ ಚಿಂತೆ ಇದೆಯೋ ಅವರು ಕರೀರಿ. ಮೂರು ಮಾತು, ಅಷ್ಟೇ."

ಹೊನ್ನಮ್ಮ ನೆಲ ನೋಡಿದಳು. ಸರ್ವಮಂಗಳಮ್ಮ ಬಾಯಿ ತೆಗೆದರು, ಗಂಡನ ಮುಖ ನೋಡಿದರು, ಮುಚ್ಚಿಕೊಂಡರು. ಗುರುಪಾದಪ್ಪನವರು ಮಾತಾಡಬಾರದು ಅನ್ನೋದನ್ನೂ ಮರೆತು, "ಏಯ್, ನಿನ್ನ ಹೆಂಡತಿಗೆ ಸ್ವಲ್ಪ ಬುದ್ಧಿ ಹೇಳಯ್ಯಾ!" ಅಂತ ನಮ್ಮೆಜಮಾನ್ರ ಮೇಲೆ ಕೂಗಿದರು. ನಮ್ಮೆಜಮಾನ್ರು ಗುಂಪಲ್ಲಿದ್ದವರು ಮೆಲ್ಲಗೆ ಬಂದರು. ಇವರೂ ಶುರು ಮಾಡ್ತಾರೆ ಅಂತ ನಾನು ಹಲ್ಲು ಕಚ್ಚಿದೆ. ಅವರು ನನ್ನ ಕಾಲ ಹತ್ತಿರ, ಹೊಸ್ತಿಲಿಗೆ ಅಡ್ಡ ಕೂತುಬಿಟ್ಟರು. ಅಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ತಲೆ ಆಡಿಸದೆ ಇದ್ದದ್ದು ಅದೇ ಮೊದಲು.

ಅದು ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮರಗಟ್ಟಿದ್ದ ನನ್ನ ಕಾಲಿಗೆ ಮತ್ತೆ ರಕ್ತ ಓಡಿತು. ಹೊರಟುಹೋಗಿತ್ತು. ಜನ ಅಯ್ಯಯ್ಯೋ ಅಂತ ಮಕ್ಕಳನ್ನ ಎತ್ತಿಕೊಂಡು ಮನೆಗಳಿಗೆ ಓಡಿದರು, ಬಾಗಿಲುಗಳು ದಡ ದಡ ಹಾಕಿಕೊಂಡವು. ಬಾಗಿಲು ಹಾಕಿದರೆ ಏನು ಬಂತು, ಆ ಮನೆಗಳಲ್ಲಿ ಒಂದರಲ್ಲೂ ಕಿಟಕಿ ಸಂದಿ ಮುಚ್ಚಿರಲಿಲ್ಲ. ಪಾಳಿ ನಮ್ಮನೇಲೇ ನಿಂತ ಮೇಲೆ ಅವರಿಗೆ ಮುಚ್ಚೋ ಅಗತ್ಯ ಬಿದ್ದಿರಲಿಲ್ಲ.

ನಾನು ಮಗೂನ ಎದೆಗೆ ಅವುಚಿಕೊಂಡು ಬೆಳಕು ಹರಿಯೋದನ್ನೇ ಕಾದೆ. ಸಾಯಿಸಿಬಿಟ್ಟೆನಾ ಊರನ್ನ, ಈ ಕೂಸನ್ನ ನಾನೇ ಕೊಂದೆನಾ ಅಂತ ಮತ್ತೆ ಮತ್ತೆ ನನ್ನನ್ನೇ ಕೇಳಿಕೊಂಡೆ. ಬೆಳಗ್ಗೆ ಎಣ್ಣೆ ಬಾಟಲಿ ಎತ್ತಿ ನೋಡಿದರೆ ಎಣ್ಣೆ ಸ್ವಲ್ಪ ಮಂಜಾಗಿತ್ತು, ಅಷ್ಟೇ. ಹಂಡೆ ನೀರು ನೀರಾಗೇ ಇತ್ತು. ಮಗು ಒಂದು ಸಲ ಸೀನಿ, ಹಾಲು ಕುಡಿದು ಮಲಗಿತು. ಕೋಣೆ ಬೆಚ್ಚಗಿತ್ತು.

ಹೊರಗೆ ನಗು ಕೇಳಿಸಿತು. ಬಾಗಿಲು ತೆಗೆದರೆ ಬೀದಿ ತುಂಬ ಜನ. ಒಬ್ಬರು ಮಂಚದ ಹಾಸು ಸುತ್ತಿಕೊಂಡಿದ್ದರು, ಒಬ್ಬರು ಗೋಣಿಚೀಲ ಹೊದ್ದಿದ್ದರು, ಹೊನ್ನಮ್ಮ ಮದುವೆ ಸೀರೆ ಮೇಲೆ ಇನ್ನೊಂದು ಸೀರೆ ಸುತ್ತಿದ್ದಳು. ಮಕ್ಕಳು ಬಾಯಿಂದ ಹೊಗೆ ಬಿಟ್ಟು ಬೀಡಿ ಸೇದೋ ಆಟ ಆಡ್ತಿದ್ದರು. ನಡುವೆ ಗುರುಪಾದಪ್ಪನವರು ಜರಿ ಶಲ್ಯ ಹೊದ್ದುಕೊಂಡು, ಕೈ ಉಜ್ಜಿಕೊಳ್ತಾ ನಿಂತಿದ್ದರು. ನನ್ನ ನೋಡಿದ್ದೇ ಹೋ ಅಂತ ನಕ್ಕರು.

"ಇಷ್ಟೇನಾ ಚೆನ್ನಾಜಮ್ಮ? ಇಷ್ಟೇನಾ ಚಳಿ ಅಂದರೆ? ಎರಡು ಪಂಚೆ ಹೊದ್ದರೆ ಮುಗೀತು! ಇಷ್ಟಕ್ಕೇ ನೀನು ಇಷ್ಟು ವರ್ಷ ಆ ರಂಪ ಮಾಡಿದ್ದಾ?"

ಜನ ಎಲ್ಲ ನಕ್ಕರು. ನನಗೆ ಕಣ್ಣು ಕತ್ತಲೆ ಬಂತು. ಇದು ನಿಮ್ಮ ಪಾಲು ಕಣ್ರೋ, ಮನೆಗೊಂದು ಚೂರು, ಇಷ್ಟೂ ಒಟ್ಟಿಗೆ ಸೇರಿ ಒಂದು ಮನೇಲಿ ಬಿದ್ದಿದ್ದರೆ ಗೊತ್ತಾಗ್ತಿತ್ತು ನಿಮಗೆ, ಅಂತ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಹೊನ್ನಮ್ಮ, ಪಾಪ ನನ್ನ ಪರವಾಗಿ ಅಂತಲೇ, "ಅಲ್ಲ ಗುರುಪಾದಪ್ಪನೋರೇ, ಇದು ಹಂಚಿಹೋದ ಚಳಿ. ಇದೆಲ್ಲ ಒಂದೇ ಕಡೆ ಸೇರಿದರೆ ಎಷ್ಟಾಗಬೇಡ?" ಅಂದಳು.

ನಗು ನಿಂತಿತು. ಗುರುಪಾದಪ್ಪನವರ ಮುಖ ಸಣ್ಣದಾಯ್ತು. "ಹೌದಾ? ಅಷ್ಟೊಂದು ಇದ್ದರೆ ಹೀಗೆ ಬೀದೀಲಿ ಬಿಡೋದು ಸರಿಯಲ್ಲ. ಬೆಳೆದುಬಿಟ್ಟರೆ? ಅಮಾವಾಸ್ಯೆವರೆಗೂ ಕರೆದರೆ ಬರುತ್ತೆ ಅಂತಾರೆ. ಯಾವುದಾದರೂ ಒಂದು ಕೋಣೆಗೆ..." ಅಂತ ಅವರು ಅಂದದ್ದಷ್ಟೇ. ಜನರ ಕಣ್ಣೆಲ್ಲ ನನ್ನ ಹಿಂದಿನ ಬಾಗಿಲ ಮೇಲೆ ಬಿತ್ತು. ಒಂದು ರಾತ್ರಿಯ ಚೂರು ಚಳಿಗೇ ಅವರಿಗೆ ಮತ್ತೆ ನನ್ನ ಕೋಣೆ ನೆನಪಾಯ್ತು. ನಾನು ನಿಜ ಹೇಳಿದರೆ ಅವರಿಗೆ ಮರುಕ ಬರಲ್ಲ, ಹೆದರಿಕೆ ಬರುತ್ತೆ. ಹೆದರಿದರೆ ಇವತ್ತೇ ತೊಟ್ಟಿಲು ಹೊರಗೆ ಇಡಿಸ್ತಾರೆ.

"ಏಯ್, ಇವಳ ಮಾತೇನು ಕೇಳ್ತೀರಿ," ಅಂದೆ ನಗುತ್ತಾ. ಆ ನಗು ಹೇಗೆ ಬಂತೋ ಆ ದೇವರಿಗೇ ಗೊತ್ತು. "ಇಷ್ಟೇ ಇರ್ತಿತ್ತು. ನಮ್ಮನೇಲೂ ಇಷ್ಟೇ. ನಾನೇ ಸ್ವಲ್ಪ ದೊಡ್ಡದು ಮಾಡಿ ಹೇಳ್ತಿದ್ದೆ."

"ಮತ್ತೆ ನಿಮ್ಮತ್ತೆ?" ಅಂತ ಕೇಳಿದರು ಸರ್ವಮಂಗಳಮ್ಮ.

"ಅವರಿಗೆ ವಯಸ್ಸಾಗಿತ್ತು ಅಕ್ಕಾ."

ಗುರುಪಾದಪ್ಪನವರು ಉಸಿರು ಬಿಟ್ಟರು. "ನೋಡಿದ್ರಾ, ಅವಳ ಬಾಯಲ್ಲೇ ಬಂತು!" ಅಂತ ಎಲ್ಲರಿಗೂ ಹೇಳಿ, "ಇಷ್ಟೇ ಆದಮೇಲೆ ಯಾಕೆ ಒಬ್ಬರ ಮನೆಗೆ ಕಳಿಸೋದು, ಇನ್ನು ಮೇಲೆ ಹೀಗೇ ಇರಲಿ ಬಿಡಿ" ಅಂದರು. ಜನ ಹೌದು ಹೌದು ಅಂದರು. ನಾನು ಒಳಗೆ ಬಂದು ಬಾಗಿಲು ಹಾಕಿದೆ. ಪಂಕಜ ಎದ್ದು ಕೂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಅಮ್ಮಾ, ಅಜ್ಜಿ ಬಗ್ಗೆ ಹಾಗಂದುಬಿಟ್ಟೆಯಲ್ಲಮ್ಮ" ಅಂದಳು. "ಅಂದೆ ಕಣೆ. ಮಲಗು, ಥಂಡಿ ಆಗುತ್ತೆ" ಅಂದೆ. ಅತ್ತೆ ಸೀರೆಯ ಆ ಕೌದಿ ಅಂಚನ್ನ ಅವಳ ಕಾಲ ಕೆಳಗೆ ಸಿಕ್ಕಿಸಿದೆ.

ಮಗು ಉಳಿಯಿತು. ಈಗ ಅಂಬೆಗಾಲಿಡುತ್ತೆ. ಗುರುಪಾದಪ್ಪನವರು ಅಂಗಡಿಗೆ ಬಂದ ಪರವೂರಿನವರಿಗೆಲ್ಲ ಕಂಬಳಿ ಮಾರುತ್ತಾ, ನಮ್ಮೂರ ಚಳಿ ಏನೇನೂ ಇಲ್ಲ, ಹೆಂಗಸರು ಸುಮ್ಮನೆ ಹೆದರಿಸಿಟ್ಟಿದ್ದರು ಅಂತ ಹೇಳ್ತಾರೆ. ನಾನು ಅಲ್ಲೇ ಇದ್ದರೆ, "ಅಲ್ವಾ ಚೆನ್ನಾಜಮ್ಮ?" ಅಂತ ನನ್ನ ಕಡೆ ತಿರುಗ್ತಾರೆ. ಆ ಶಲ್ಯ ಹಿಡಿದು ಎಳೆದು ಬೀದಿಗೆ ಕೆಡವೋಣ ಅನ್ನಿಸುತ್ತೆ. ಹೌದು ಗುರುಪಾದಪ್ಪನೋರೇ ಅಂತೀನಿ.